ಹಿಂದೆ ಕೂರೋರಿಗೂ ಒಂದು ಬೆನ್ನಿದೆ: ಕಡಿಮೆ ದುಡ್ಡಲ್ಲಿ ಬ್ಯಾಕ್‌ರೆಸ್ಟ್ ಹುಡುಕಿದ ಕಥೆ

ರಾಮಕೃಷ್ಣ ಆಶ್ರಮದ ಸಿಗ್ನಲ್, ಬೆಳಿಗ್ಗೆ ಎಂಟೂ ಕಾಲು. ಹಸಿರು ದೀಪ ಬಂತು. ಹಿಂದೆ ನಿಂತಿದ್ದ ಬಸ್ಸಿನವರು ಹಾರ್ನ್ ಒತ್ತಿದರು. ನಾನು ಗಾಬರಿಯಲ್ಲಿ ಕ್ಲಚ್ ಸಡನ್ನಾಗಿ ಬಿಟ್ಟೆ. ಗಾಡಿ ಮುಂದಕ್ಕೆ ನೆಗೀತು, ಹಿಂದೆ ಕೂತಿದ್ದ ಅಮ್ಮ ಹಿಂದಕ್ಕೆ ಜಾರಿದಳು. ಕೈಗೆ ಸಿಕ್ಕಿದ್ದು ನನ್ನ ಕಾಲೇಜ್ ಬ್ಯಾಗು. ಅದನ್ನೇ ಎರಡೂ ಕೈಯಲ್ಲಿ ಹಿಡ್ಕೊಂಡು ಹೇಗೋ ಬೀಳದೆ ಉಳಿದಳು. ಉಮಾ ಟಾಕೀಸ್ ಸ್ಟಾಪ್ ತನಕ ಇಬ್ಬರೂ ಒಂದು ಮಾತೂ ಆಡಲಿಲ್ಲ. ಸ್ಕೂಲ್ ಮುಂದೆ ಇಳಿದು ಸೆರಗು ಸರಿ ಮಾಡ್ಕೊಂಡು, "ನಿಧಾನಕ್ಕೆ ಹೋಗು ಮಗಾ" ಅಂದಳು, ಅಷ್ಟೇ.

ಅಮ್ಮ ಚಾಮರಾಜಪೇಟೆಯ ಒಂದು ಪ್ರೈಮರಿ ಸ್ಕೂಲಲ್ಲಿ ಟೀಚರ್. ನಮ್ಮ ಮನೆ ಹನುಮಂತನಗರ. ಎರಡು ವರ್ಷದಿಂದ ಅವಳಿಗೆ ಸೊಂಟ ನೋವು. ಡಿಸ್ಕ್ ಸ್ವಲ್ಪ ಜರುಗಿದೆ ಅಂತ ಡಾಕ್ಟರ್ ಹೇಳಿದಾರೆ. ಬೈಕಲ್ಲಿ ಕೂರಬಹುದಾ ಅಂತ ಕೇಳಿದ್ದಕ್ಕೆ, "ಹತ್ತಿರಕ್ಕಾದ್ರೆ ಕೂರಿ, ಆದ್ರೆ ಕುಲುಕಾಟ ಬೇಡ" ಅಂದಿದ್ದರು. ದಿನಾ ಆಟೋದಲ್ಲಿ ಹೋಗಿ ಬಂದ್ರೆ ತಿಂಗಳ ಕೊನೆಗೆ ಲೆಕ್ಕ ಎಲ್ಲಿಗೆ ಮುಟ್ಟತ್ತೆ ಅಂತ ನಿಮಗೂ ಗೊತ್ತು. ಹಾಗಾಗಿ ಬೆಳಿಗ್ಗೆ ಡ್ರಾಪ್ ಮಾಡೋ ಕೆಲಸ ನನ್ನದು.

ಆವತ್ತು ಸಂಜೆಯೇ ನಿರ್ಧಾರ ಮಾಡಿದೆ: ಗಾಡಿಗೆ ಬ್ಯಾಕ್‌ರೆಸ್ಟ್ ಹಾಕಿಸಬೇಕು. ಆಮೇಲಿನ ಎರಡು ತಿಂಗಳಲ್ಲಿ ನಾನು ಮಾಡಿದ ತಪ್ಪುಗಳು ಮತ್ತು ಕಲಿತ ವಿಷಯಗಳು ಇಲ್ಲಿವೆ. ನಮ್ಮ ಕ್ಯಾಂಪಸ್ ಪಾರ್ಕಿಂಗಲ್ಲಿ ನಿಂತಿರೋ ಗಾಡಿಗಳನ್ನ ನೋಡಿದ್ರೆ, ಇದು ನನ್ನೊಬ್ಬನಿಗೇ ಬೇಕಾದ ವಿಷಯ ಅಲ್ಲ ಅನ್ಸತ್ತೆ. (ಹತ್ತನೇ ಕ್ಲಾಸ್ ಆದ್ಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ರೆ ಕನ್ನಡ ಸಂಘದ ಸೀನಿಯರ್‌ಗಳು ಕ್ಷಮಿಸಬೇಕು.)

ಮೊದಲನೇ ತಪ್ಪು: 699 ರೂಪಾಯಿ

ನಮ್ಮದು ಮಾವನ ಕೈಯಿಂದ ಬಂದ 2016ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಇದರಲ್ಲಿ ಓಡಿಸೋರ ಸೀಟೇ ಬೇರೆ, ಹಿಂದಿನವರ ಸೀಟೇ ಬೇರೆ. ಹಿಂದಿನದು ಚಿಕ್ಕದು, ಅದರಾಚೆಗೆ ಬರೀ ಮಡ್ಗಾರ್ಡ್. ಬಜಾಜ್ ಅವೆಂಜರ್ ಕ್ರೂಸ್ ಥರದ ಗಾಡಿಗಳಿಗೆ ಕಂಪನಿಯವರೇ ಬ್ಯಾಕ್‌ರೆಸ್ಟ್ ಕೊಟ್ಟಿರ್ತಾರೆ. ನಮ್ಮ ಗಾಡಿಗೆ ನಾವೇ ಹುಡುಕಬೇಕು.

ನಾನು ಹುಡುಕಿದ್ದು ಮೊಬೈಲಲ್ಲಿ, ರಾತ್ರಿ ಹನ್ನೊಂದಕ್ಕೆ, ಹಾಸಿಗೆ ಮೇಲೆ ಮಲಗಿಕೊಂಡು. 699 ರೂಪಾಯಿಗೆ ಫಳಫಳ ಹೊಳೆಯೋ ಕ್ರೋಮ್ ಬ್ಯಾಕ್‌ರೆಸ್ಟ್ ಸಿಕ್ಕಿತು. ನಾಲ್ಕು ದಿನಕ್ಕೆ ಮನೆಗೆ ಬಂತು. ಮನೆ ಹತ್ರದ ಮೆಕ್ಯಾನಿಕ್ ಹತ್ರ ಹಾಕಿಸಿದೆ. ನೋಡೋಕೆ ಸೂಪರ್. ಫ್ರೆಂಡ್ಸ್ ಎಲ್ಲ "ಮಗಾ ಗಾಡಿ ಲುಕ್ಕೇ ಬದಲಾಯ್ತು" ಅಂದ್ರು. ನಾನೂ ಉಬ್ಬಿ ಹೋದೆ.

ಮೂರನೇ ವಾರ ಪಕ್ಕದಿಂದ ನೋಡಿದಾಗ ಬ್ಯಾಕ್‌ರೆಸ್ಟ್ ಹಿಂದಕ್ಕೆ ವಾಲಿತ್ತು. ಮೂರು ಬೆರಳಿನಷ್ಟು. ಬೋಲ್ಟ್ ಸಡಿಲ ಆಗಿರಬೇಕು ಅಂತ ಟೈಟ್ ಮಾಡೋಕೆ ಹೋದೆ. ಬೋಲ್ಟ್ ಗಟ್ಟಿಯಾಗೇ ಇತ್ತು. ಬಾಗಿದ್ದು ಕಬ್ಬಿಣ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಅದು ನನಗೆ ತಿಳಿದದ್ದು ಆಮೇಲೆ. ಅದನ್ನ ಸ್ವಲ್ಪ ಹೊತ್ತಿಗೆ ಹೇಳ್ತೀನಿ.

ಬ್ಯಾಕ್‌ರೆಸ್ಟ್ ಏನು ಮಾಡತ್ತೆ, ಏನು ಮಾಡಲ್ಲ

ಗಾಡಿ ಮುಂದಕ್ಕೆ ಎಳೆದಾಗ ಹಿಂದೆ ಕೂತವರ ಸೊಂಟದ ಕೆಳಗಿನ ಭಾಗ ಸೀಟಿನ ಜೊತೆ ಮುಂದೆ ಹೋಗತ್ತೆ. ಮೇಲಿನ ಭಾಗ ಇದ್ದಲ್ಲೇ ಉಳಿಯೋಕೆ ನೋಡತ್ತೆ. ನ್ಯೂಟನ್ನನ ಮೊದಲ ನಿಯಮ, ಪಿ.ಯು.ಸಿ.ಯಲ್ಲಿ ಐದು ಮಾರ್ಕ್ಸಿಗೆ ಬರೆದಿದ್ದು. ಓಡಿಸೋರಿಗೆ ಹ್ಯಾಂಡಲ್ ಇದೆ. ಹಿಂದಿನವರಿಗೆ ತಮ್ಮ ಹೊಟ್ಟೆ, ಸೊಂಟದ ಸ್ನಾಯುಗಳೇ ಆಧಾರ. ಸಿಗ್ನಲ್ಲಿಂದ ಸಿಗ್ನಲ್ಲಿಗೆ ನಿಂತು ಹೊರಡೋ ಬಸವನಗುಡಿ ಟ್ರಾಫಿಕ್ಕಲ್ಲಿ ಈ ಎಳೆದಾಟ ಹತ್ತಿಪ್ಪತ್ತು ಸಲ ಆಗತ್ತೆ. ಕಡಲೆಕಾಯಿ ಪರಿಷೆ ದಿನಗಳಲ್ಲಂತೂ ಕೇಳೋದೇ ಬೇಡ. ಸೊಂಟ ನೋವಿರೋರಿಗೆ ಇದೇ ದೊಡ್ಡ ಸುಸ್ತು.

ಹಿಂದಕ್ಕೆ ಹೋಗೋ ಈ ಬಲವನ್ನ ತಡೆಯೋದು ಬ್ಯಾಕ್‌ರೆಸ್ಟಿನ ಕೆಲಸ. ಅದು ಮಾಡದ ಕೆಲಸಗಳು ಮೂರಿವೆ.

ಒಂದು, ಬ್ರೇಕ್. ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ಬರತ್ತೆ. ಹಿಂದಿರೋ ಬ್ಯಾಕ್‌ರೆಸ್ಟ್ ಆಗ ಏನೂ ಮಾಡೋಕಾಗಲ್ಲ. ಹಿಡಿಯೋಕೆ ಕಂಬಿ ಬೇಕು, ಊರೋಕೆ ಫುಟ್‌ರೆಸ್ಟ್ ಬೇಕು.

ಎರಡು, ಹಂಪ್. ಹಂಪಿನ ಏಟು ಕೆಳಗಿಂದ ಮೇಲಕ್ಕೆ, ಸೀಟಿನ ಮೂಲಕ ಬೆನ್ನುಮೂಳೆಗೆ ಹೋಗತ್ತೆ. ಅದನ್ನ ತಗ್ಗಿಸೋದು ಟೈರಿನ ಗಾಳಿ, ಹಿಂದಿನ ಶಾಕ್ ಅಬ್ಸಾರ್ಬರ್, ಸೀಟಿನ ಫೋಮ್, ಮತ್ತೆ ನಮ್ಮ ಬಲಗೈ. ಬ್ಯಾಕ್‌ರೆಸ್ಟ್ ಅಲ್ಲ. ಒಬ್ಬರೇ ಹೋಗುವಾಗ ಗಾಳಿ ಎಷ್ಟು, ಇಬ್ಬರಿದ್ದಾಗ ಎಷ್ಟು ಅಂತ ಗಾಡಿಯ ಮ್ಯಾನ್ಯುಯಲ್ಲಲ್ಲಿ ಬೇರೆ ಬೇರೆ ಕೊಟ್ಟಿರ್ತಾರೆ. ನಾವ್ಯಾರೂ ಓದಿರಲ್ಲ. ಅದು ಬಿಟ್ಟಿ ರಿಪೇರಿ, ಮೊದಲು ಅದನ್ನ ಮಾಡಿ.

ಮೂರು, ಒಂದು ಪಕ್ಕಕ್ಕೆ ಕೂರೋದು. ಸೀರೆ ಉಟ್ಟವರು ಎಡಗಡೆಗೆ ಎರಡೂ ಕಾಲು ಹಾಕಿ ಕೂತಾಗ, ಬ್ಯಾಕ್‌ರೆಸ್ಟ್ ಅವರ ಬೆನ್ನಿಗೆ ಸಿಗೋದೇ ಇಲ್ಲ. ಅದು ಅವರ ಎಡ ಸೊಂಟದ ಪಕ್ಕ ಇರತ್ತೆ. ಅವರ ಬೆನ್ನು ಇರೋದು ಗಾಡಿಯ ಬಲಗಡೆಗೆ, ಅಲ್ಲಿ ಏನೂ ಇಲ್ಲ.

ಈ ಮೂರನೆಯದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಮ್ಮ ವಾರದಲ್ಲಿ ನಾಲ್ಕು ದಿನ ಸೀರೆ, ಎರಡು ದಿನ ಚೂಡಿದಾರ್. ಅಂದ್ರೆ ನಾಲ್ಕು ದಿನ ಆ ಕ್ರೋಮ್ ಬ್ಯಾಕ್‌ರೆಸ್ಟಿನ ಚೂಪು ಮೂಲೆ ಅವಳ ಸೊಂಟಕ್ಕೆ ಚುಚ್ಚುತ್ತಾ ಇತ್ತು. ಮೂರು ವಾರ ಅವಳು ಬಾಯಿ ಬಿಡಲಿಲ್ಲ. ವಾಲಿದ್ದನ್ನ ನಾನೇ ತೋರಿಸಿದ ಮೇಲೆ ಹೇಳಿದಳು. "ಮೊದಲೇ ಯಾಕೆ ಹೇಳಲಿಲ್ಲ?" ಅಂದೆ. "ಅಷ್ಟು ಆಸೆ ಪಟ್ಟು ತಂದಿದ್ದೀಯ, ಬೇಜಾರಾಗ್ತೀಯ ಅಂತ" ಅಂದಳು.

ದೊಡ್ಡ ತಪ್ಪು ಅಂದೆನಲ್ಲ, ಅದು ಇದೇ. ಯಾರು ಕೂರ್ತಾರೋ ಅವರನ್ನ ಕೇಳದೆ ನಾನು ತಂದಿದ್ದೆ.

ಸ್ಕೇಲ್ ಬಗ್ಗಿಸಿ ನೋಡಿ

ಕಬ್ಬಿಣ ಯಾಕೆ ಬಾಗಿತು? ಮೂರನೇ ಸೆಮಿಸ್ಟರ್ ಎಸ್.ಓ.ಎಂ. ಓದ್ತಿದ್ದೆ, ಹಾಳೆ ತಗೊಂಡು ಕೂತೆ. ಆ ಸಬ್ಜೆಕ್ಟ್ ನಿಜವಾಗಲೂ ಉಪಯೋಗಕ್ಕೆ ಬಂದಿದ್ದು ಆವತ್ತೇ ಮೊದಲು.

ಹಿಂದೆ ಕೂತವರ ತೂಕ 65 ಕೆ.ಜಿ. ಅಂತಿಟ್ಕೊಳ್ಳಿ. ಸೊಂಟದ ಮೇಲಿನ ಭಾಗ ಅದರಲ್ಲಿ ಸುಮಾರು ಮೂರನೇ ಎರಡು ಪಾಲು, 44 ಕೆ.ಜಿ. ಜೋರಾಗಿ ಹೊರಟಾಗ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 2.5 ಮೀಟರ್ ಅಂದ್ರೆ ಬಲ 110 ನ್ಯೂಟನ್. ರಸ್ತೆ ಸ್ವಲ್ಪ ಏರಿದ್ರೆ ಇನ್ನೊಂದು 40 ಸೇರಿಸಿ. ಪ್ಯಾಡು ಕುತ್ತಿಗೆ ತನಕ ಇರಲ್ಲ, ಕೆಳಬೆನ್ನಿಗೆ ಸಿಗತ್ತೆ, ಹಾಗಾಗಿ ಅದರ ಮೇಲೆ ಬೀಳೋ ಒತ್ತಡ ಇನ್ನೂ ಸ್ವಲ್ಪ ಜಾಸ್ತಿ. ಒಟ್ಟು 200 ನ್ಯೂಟನ್ ಅಂತ ಇಟ್ಕೊಳ್ಳೋಣ. ಇದು ಅಂದಾಜು ಲೆಕ್ಕ, ಇಂಟರ್ನಲ್ಸ್‌ಗೆ ಬರೀಬೇಡಿ.

ಈ ಬಲ ಬೋಲ್ಟ್ ಇರೋ ಜಾಗಕ್ಕಿಂತ 30 ಸೆಂ.ಮೀ. ಮೇಲೆ ಬೀಳತ್ತೆ. 200 ಗುಣಿಸು 0.3, ಅಂದ್ರೆ 60 ನ್ಯೂಟನ್ ಮೀಟರ್ ಬೆಂಡಿಂಗ್ ಮೊಮೆಂಟ್. ಗೋಡೆಗೆ ಹೊಡೆದ ಮೊಳೆಯ ತುದಿಗೆ ಭಾರ ನೇತು ಹಾಕಿದ ಹಾಗೆ. ಬುಡದಲ್ಲೇ ಅತಿ ಹೆಚ್ಚು ಪೆಟ್ಟು.

ನನ್ನ 699ರ ಬ್ಯಾಕ್‌ರೆಸ್ಟಿಗೆ ಎರಡು ಚಪ್ಪಟೆ ಪಟ್ಟಿ ಕಾಲುಗಳಿದ್ದವು, 25 ಎಂ.ಎಂ. ಅಗಲ, 5 ಎಂ.ಎಂ. ದಪ್ಪ. ಚಪ್ಪಟೆ ಮುಖ ಹಿಂದಕ್ಕೆ. ಅಗಲ ಗುಣಿಸು ದಪ್ಪದ ವರ್ಗ ಭಾಗಿಸು 6: ಒಂದು ಪಟ್ಟಿಯ ಸೆಕ್ಷನ್ ಮಾಡ್ಯುಲಸ್ 104, ಎರಡಕ್ಕೆ 208 ಘನ ಎಂ.ಎಂ. 60,000ವನ್ನ 208ರಿಂದ ಭಾಗಿಸಿ. 288 ಮೆಗಾಪಾಸ್ಕಲ್! ಸಾಮಾನ್ಯ ಮೈಲ್ಡ್ ಸ್ಟೀಲ್ ಸುಮಾರು 250ಕ್ಕೇ ಶಾಶ್ವತವಾಗಿ ಬಾಗತ್ತೆ. ಬಾಗದೆ ಇದ್ದಿದ್ರೇನೆ ಆಶ್ಚರ್ಯ.

ಈಗ ಪಟ್ಟಿ ಬದಲು ಪೈಪ್ ಹಾಕಿ ನೋಡಿ. ಹೊರ ವ್ಯಾಸ 19 ಎಂ.ಎಂ., ಗೋಡೆ ದಪ್ಪ 1.6 ಎಂ.ಎಂ. ಒಂದು ಪೈಪಿನ ಸೆಕ್ಷನ್ ಮಾಡ್ಯುಲಸ್ಸೇ ಸುಮಾರು 350. ಎರಡಕ್ಕೆ 700. ಒತ್ತಡ 85 ಮೆಗಾಪಾಸ್ಕಲ್‌ಗೆ ಇಳೀತು. ಗುಂಡಿಗೆ ಬಿದ್ದು ಬಲ ದುಪ್ಪಟ್ಟಾದ್ರೂ 170, ಇನ್ನೂ ಉಸಿರಾಡೋಕೆ ಜಾಗ ಇದೆ. ತಮಾಷೆ ಏನಂದ್ರೆ ಪೈಪೇ ಹಗುರ. ಆ ಪಟ್ಟಿ ಒಂದು ಮೀಟರಿಗೆ ಒಂದು ಕೆ.ಜಿ. ಹತ್ರ ತೂಗತ್ತೆ, ಪೈಪು ಸುಮಾರು 700 ಗ್ರಾಂ. ಕಬ್ಬಿಣ ಕಡಿಮೆ, ಗಟ್ಟಿತನ ಮೂರು ಪಟ್ಟಿಗಿಂತ ಜಾಸ್ತಿ.

ಲೆಕ್ಕ ಬೇಡ ಅನ್ನೋರು ಜಾಮಿಟ್ರಿ ಬಾಕ್ಸಿನ ಸ್ಕೇಲ್ ತಗೊಳ್ಳಿ. ಚಪ್ಪಟೆಯಾಗಿ ಹಿಡಿದು ಬಗ್ಗಿಸಿ, ಸುಲಭವಾಗಿ ಬಾಗತ್ತೆ. ಅಂಚು ಮೇಲೆ ಮಾಡಿ ಬಗ್ಗಿಸಿ, ಬಾಗಲ್ಲ. ಕಬ್ಬಿಣ ಎಷ್ಟಿದೆ ಅನ್ನೋದಕ್ಕಿಂತ ಅದು ಯಾವ ಕಡೆಗೆ ನಿಂತಿದೆ ಅನ್ನೋದು ಮುಖ್ಯ. ಅಂಗಡಿಯಲ್ಲಿ ಪ್ಯಾಡ್ ಒತ್ತಿ ಮೆತ್ತಗಿದೆಯಾ ಅಂತ ನೋಡ್ತೀವಲ್ಲ, ಅದರ ಬದಲು ಅದನ್ನ ತಿರುಗಿಸಿ ಕಾಲು ನೋಡಬೇಕು.

ಜೆ.ಸಿ. ರಸ್ತೆಗೆ ನಡ್ಕೊಂಡು ಹೋಗಿ

ಎರಡನೇ ಸಲ ಮೊಬೈಲ್ ಬಿಟ್ಟು ಜೆ.ಸಿ. ರಸ್ತೆಗೆ ಹೋದೆ. ಜಯಚಾಮರಾಜೇಂದ್ರ ಒಡೆಯರ್ ಹೆಸರಿನ ಈ ರಸ್ತೆ ಒಂದು ತುದಿಯಲ್ಲಿ ಟೌನ್ ಹಾಲ್, ಇನ್ನೊಂದು ತುದಿಯಲ್ಲಿ ಮಿನರ್ವ ಸರ್ಕಲ್. ಮಧ್ಯೆ ಪೂರ್ತಿ ಗಾಡಿ ಸಾಮಾನು: ಸೀಟ್ ಕವರ್, ಲೈಟು, ಹಾರ್ನು, ಟೈರು, ಕನ್ನಡಿ. ಪಕ್ಕದ ಅಡ್ಡರಸ್ತೆಗಳಲ್ಲಿ, ಕಲಾಸಿಪಾಳ್ಯದ ಕಡೆ ಬಿಡಿಭಾಗದ ಇನ್ನಷ್ಟು ಅಂಗಡಿ.

ಅಲ್ಲಿಗೆ ಗಾಡಿ ತಗೊಂಡು ಹೋದ್ರೆ ನಿಲ್ಲಿಸೋಕೆ ಜಾಗ ಇಲ್ಲ. ನಿಲ್ಲಿಸಿದ ಕೂಡಲೇ "ಏನ್ ಬೇಕು ಸರ್, ಸೀಟ್ ಕವರಾ, ಗಾರ್ಡಾ?" ಅಂತ ಯಾರಾದ್ರೂ ಬಂದೇ ಬರ್ತಾರೆ, ನೋಡೋಕೆ ಮೊದಲೇ ಅಂಗಡಿ ಒಳಗಿರ್ತೀರಿ. ಮೊದಲ ಸಲ ಬೆಲೆ ಕೇಳೋಕೆ ನಡ್ಕೊಂಡೇ ಹೋಗಿ. ನ್ಯಾಷನಲ್ ಕಾಲೇಜ್ ಮೆಟ್ರೋದಲ್ಲಿ ಇಳಿದು ಸಜ್ಜನ್ ರಾವ್ ಸರ್ಕಲ್ ಮೇಲೆ ಹೋದ್ರೆ ಮಿನರ್ವ ಸರ್ಕಲ್ ಬರತ್ತೆ. ಮಲ್ಲೇಶ್ವರದ ಕಡೆಯೋರು ಸಂಪಿಗೆ ರಸ್ತೆ ಸ್ಟೇಷನ್ನಲ್ಲಿ ಹತ್ತಿದ್ರೆ ಇದೇ ಹಸಿರು ಲೈನು, ಟ್ರೇನ್ ಬದಲಿಸೋ ಹಾಗಿಲ್ಲ. ವಾಪಸ್ ಬರುವಾಗ ಸಂಜೆ ಆಗಿದ್ರೆ ವಿ.ವಿ. ಪುರಂ ತಿಂಡಿ ಬೀದಿ ದಾರಿಯಲ್ಲೇ ಸಿಗತ್ತೆ. ಬ್ಯಾಕ್‌ರೆಸ್ಟ್ ದುಡ್ಡು ಅಲ್ಲಿ ಖರ್ಚಾದ್ರೆ ನಾನು ಜವಾಬ್ದಾರ ಅಲ್ಲ.

ನಾಲ್ಕು ಅಂಗಡಿ ಕೇಳಿದೆ. ಒಂದೇ ಥರ ಕಾಣೋ ಮಾಲಿಗೆ 900ರಿಂದ 1,800 ತನಕ ಹೇಳಿದರು. ನಾಲ್ಕನೇ ಅಂಗಡಿಯಲ್ಲಿ ವಯಸ್ಸಾದ ಒಬ್ಬರಿದ್ದರು. "ಅಣ್ಣಾ, ಕ್ಲಾಸಿಕ್‌ಗೆ ಬ್ಯಾಕ್‌ರೆಸ್ಟ್ ಬೇಕು" ಅಂದೆ. ಅವರು ಬೆಲೆ ಹೇಳಲಿಲ್ಲ.

"ಹಳೇ ಕ್ಲಾಸಿಕ್ಕಾ ಹೊಸದಾ?" ಅಂದರು.

"2016, ಅಣ್ಣಾ."

"ಯಾರಪ್ಪಾ ಕೂರೋದು?"

"ನಮ್ಮಮ್ಮ."

"ಸೀರೆನಾ, ಡ್ರೆಸ್ಸಾ?"

ನಾನು ಎರಡು ತಿಂಗಳಲ್ಲಿ ಕಲಿತಿದ್ದನ್ನ ಅವರು ಎರಡು ಪ್ರಶ್ನೆಯಲ್ಲಿ ಕೇಳಿಬಿಟ್ಟರು.

ಅವರ ಮೊದಲನೇ ಪ್ರಶ್ನೆಯೂ ಮುಖ್ಯ. 2021ರಲ್ಲಿ ಬಂದ ಹೊಸ ಕ್ಲಾಸಿಕ್ 350ರ ಚಾಸಿಸ್ಸೇ ಬೇರೆ, ಇಂಜಿನ್ನೂ ಬೇರೆ. ಹಳೇದು 346 ಸಿಸಿ, ಹೊಸದು 349. ಹೆಸರು ಒಂದೇ ಆದ್ರೂ ಒಂದರ ಬ್ಯಾಕ್‌ರೆಸ್ಟ್ ಇನ್ನೊಂದಕ್ಕೆ ಕೂರಲ್ಲ. ಯಾವ ಗಾಡಿಗಾದ್ರೂ ಸರಿ, ಮಾಡೆಲ್ ಹೆಸರು ಮಾತ್ರ ಹೇಳಬೇಡಿ, ತಯಾರಾದ ವರ್ಷ ಹೇಳಿ. ಆರ್.ಸಿ. ನೋಡಿದ್ರೆ ಅದರಲ್ಲಿರತ್ತೆ. "ಎಲ್ಲಾ ಗಾಡಿಗೂ ಆಗತ್ತೆ ಸರ್" ಅಂತ ಕೊಡೋ ಯೂನಿವರ್ಸಲ್ ಮಾಲಿಗೆ ಉದ್ದನೆ ತೂತುಗಳಿರ್ತವೆ, ಕಂಪನಕ್ಕೆ ಅದರಲ್ಲಿ ಬೋಲ್ಟ್ ಜಾರತ್ತೆ.

ನಾಲ್ಕು ದಾರಿ

ನಾನು ವಿಚಾರಿಸಿದ ಪ್ರಕಾರ ನಮ್ಮ ಮುಂದೆ ನಾಲ್ಕು ದಾರಿ ಇವೆ. ಬೆಲೆಗಳು ನಾನು ಕೇಳಿದ ದಿನದ್ದು, ನೀವು ಹೋದಾಗ ಬೇರೆ ಇರಬಹುದು.

ಕಂಪನಿ ಮಾಲು: ಶೋರೂಮಲ್ಲಿ ಆಕ್ಸೆಸರಿ ಅಂತ ಸಿಗತ್ತೆ. ಅಳತೆ ಸರಿಯಾಗಿರತ್ತೆ, ವಾರಂಟಿ ತಕರಾರು ಇರಲ್ಲ. ಬೆಲೆ ಕೇಳಿ ನಾನು ನಮಸ್ಕಾರ ಹಾಕಿ ಬಂದೆ. ಕೇಳುವಾಗ ಒಂದು ವಿಷಯ ಗಮನಿಸಿ: ಪ್ಯಾಡ್ ಬೇರೆ, ಅದನ್ನ ಕೂರಿಸೋ ಕಂಬಿ ಬೇರೆ ಅಂತ ಎರಡು ಬಿಲ್ ಆಗಬಹುದು. ಒಟ್ಟು ಎಷ್ಟು ಅಂತ ಕೇಳಿ.

ಅಂಗಡಿ ಮಾಲು: ಬಹಳಷ್ಟು ಜನಕ್ಕೆ ಇದೇ ಸರಿ. ಕಣ್ಣಲ್ಲಿ ನೋಡಿ, ಕೈಯಲ್ಲಿ ಅಲ್ಲಾಡಿಸಿ, ಗಾಡಿಗೆ ಇಟ್ಟು ನೋಡಿ ತಗೋಬಹುದು. ನಾನು ಕೊನೆಗೆ ಕೊಟ್ಟಿದ್ದು 1,150. ಮೊದಲು ಹೇಳಿದ್ದು 1,400.

ಗುಜರಿ: ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೇದು ಅರ್ಧ ಬೆಲೆಗೆ ಸಿಗಬಹುದು. ವೆಲ್ಡಿಂಗ್ ಕೂಡೋ ಜಾಗದಲ್ಲಿ ಉಗುರಿನಿಂದ ಕೆರೆದು ನೋಡಿ. ಕೂದಲಿನಂಥ ಗೆರೆ ಕಂಡ್ರೆ ಅದು ಗೀರಲ್ಲ, ಬಿರುಕು. ಬಿಟ್ಟುಬಿಡಿ. ಪ್ಯಾಡ್ ಹರಿದಿದ್ರೆ ಚಿಂತೆ ಇಲ್ಲ, ಸೀಟ್ ಕವರ್ ಅಂಗಡಿಯಲ್ಲಿ ಹೊಸ ಫೋಮ್, ರೆಕ್ಸಿನ್ ಹಾಕಿ ಹೊಲಿದು ಕೊಡ್ತಾರೆ.

ಹೇಳಿ ಮಾಡಿಸೋದು: ಗ್ರಿಲ್ ಕೆಲಸದವರ ಹತ್ರ ಪೈಪ್ ಬಗ್ಗಿಸಿ ವೆಲ್ಡ್ ಮಾಡಿಸಬಹುದು. ಮೆಕ್ಯಾನಿಕಲ್ ಹುಡುಗರಿಗೆ ಇದೇ ಆಸೆ ಇರತ್ತೆ ಅಂತ ಗೊತ್ತು. ಮಾಡಿಸಿ, ಆದ್ರೆ ಬೋಲ್ಟ್ ಹಾಕಿ ಬಿಚ್ಚೋ ಥರ ಮಾಡಿಸಿ. ಗಾಡಿ ಚಾಸಿಸ್ ಮೇಲೆ ನೇರವಾಗಿ ವೆಲ್ಡ್ ಹೊಡೆಸಬೇಡಿ. ಆ ಶಾಖಕ್ಕೆ ಅಲ್ಲಿನ ಕಬ್ಬಿಣದ ಗುಣ ಬದಲಾಗತ್ತೆ, ಬ್ಯಾಟರಿ ಕನೆಕ್ಷನ್ ಬಿಚ್ಚದೆ ವೆಲ್ಡ್ ಮಾಡಿದ್ರೆ ಎಲೆಕ್ಟ್ರಿಕಲ್ ಸಾಮಾನೂ ಸುಡಬಹುದು.

ನನ್ನ ಒಟ್ಟು ಲೆಕ್ಕ ನೋಡಿ. 699 ಮೊದಲು ಹೋಯ್ತು, ಹಾಕಿಸೋಕೆ 150. ಆಮೇಲೆ 1,150. ಮೊದಲೇ 1,150 ಕೊಟ್ಟಿದ್ರೆ 849 ರೂಪಾಯಿ ಉಳೀತಿತ್ತು. ಕಡಿಮೆ ಬೆಲೆ ಬೇರೆ, ಕಡಿಮೆ ಖರ್ಚು ಬೇರೆ.

ತಗೊಳ್ಳೋಕೆ ಮುಂಚೆ, ಹಾಕಿದ ಮೇಲೆ

ಅಂಗಡಿಯಲ್ಲಿ ಐದು ನಿಮಿಷ ಸಾಕು. ಹೀಗೆ ನೋಡಿ:

1. ಕಾಲು ಪೈಪಾ, ಪಟ್ಟಿಯಾ? ಪಟ್ಟಿ ಆದ್ರೆ ಅಂಚು ಹಿಂದಕ್ಕಿದೆಯಾ?

2. ಬೋಲ್ಟ್ ತೂತುಗಳ ನಡುವಿನ ಅಂತರ ಎಷ್ಟು? ಎರಡು ಬೋಲ್ಟ್ 6 ಸೆಂ.ಮೀ. ದೂರ ಇದ್ರೆ ಪ್ರತಿ ಪಕ್ಕದ ಬೋಲ್ಟಿನ ಮೇಲೆ 500 ನ್ಯೂಟನ್ ಬಲ ಬೀಳತ್ತೆ, 12 ಸೆಂ.ಮೀ. ಇದ್ರೆ 250. ಅಂತರ ದುಪ್ಪಟ್ಟಾದ್ರೆ ಬಲ ಅರ್ಧ.

3. ವೆಲ್ಡಿಂಗ್ ಸುತ್ತಲೂ ಇದೆಯಾ, ಅಥವಾ ಎರಡು ಚುಕ್ಕಿ ಹೊಡೆದು ಬಿಟ್ಟಿದಾರಾ? ಕ್ರೋಮ್ ಹೊಳಪಿನ ಕೆಳಗೆ ಇದು ಬಚ್ಚಿಟ್ಟುಕೊಂಡಿರತ್ತೆ, ಬೆರಳಲ್ಲಿ ಸವರಿ ನೋಡಿ.

4. ಪ್ಯಾಡಿನ ಮೂಲೆ ದುಂಡಗಿದೆಯಾ? ಸೀರೆ ಉಡೋರು ಕೂರೋದಾದ್ರೆ ಎತ್ತರ ಕಡಿಮೆ, ಅಗಲ ಜಾಸ್ತಿ ಇರೋದು ಒಳ್ಳೇದು. ಆಗ ಅದು ಕುರ್ಚಿಯ ಕೈ ಥರ ಪಕ್ಕಕ್ಕೆ ಆಸರೆ ಆಗತ್ತೆ.

5. ಕೂರೋರು ಕಾಲು ಎತ್ತಿ ದಾಟಿಸೋಕೆ ಆಗತ್ತಾ? ಮಂಡಿ ನೋವಿದ್ರೆ ಎತ್ತರದ ಬ್ಯಾಕ್‌ರೆಸ್ಟ್ ದಾಟೋದೇ ಒಂದು ಸರ್ಕಸ್ಸು.

ಬೋಲ್ಟಿನ ತಲೆ ಮೇಲೆ 8.8 ಅಂತ ಕೊರೆದಿರೋದನ್ನ ಹುಡುಕಿ. ಮೊದಲ 8 ಅಂದ್ರೆ ಅದು 800 ಮೆಗಾಪಾಸ್ಕಲ್ ಎಳೆತ ತಡೆಯತ್ತೆ, ಎರಡನೇ 8 ಅಂದ್ರೆ ಅದರ ಶೇ. 80ಕ್ಕೆ, ಸುಮಾರು 640ಕ್ಕೆ, ಅದು ಶಾಶ್ವತವಾಗಿ ಹಿಗ್ಗೋಕೆ ಶುರು. ಡಬ್ಬಿಯಲ್ಲಿ ಬರೋ ಬೋಲ್ಟಿಗೆ ಬಹಳ ಸಲ ಗುರುತೇ ಇರಲ್ಲ. ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ 8.8 ಗ್ರೇಡಿನ ಎಂ8 ಬೋಲ್ಟ್, ದಪ್ಪ ವಾಷರ್, ನೈಲಾಕ್ ನಟ್ ತಗೊಳ್ಳಿ. ನಾವು ಸೆನ್ಸರ್, ಬೋರ್ಡು ಅಂತ ಹೇಗಿದ್ರೂ ಅಲ್ಲಿಗೆ ಹೋಗ್ತಾನೇ ಇರ್ತೀವಿ. ಒಂದು ಟೀ ದುಡ್ಡಿಗಿಂತ ಸ್ವಲ್ಪ ಜಾಸ್ತಿ ಆಗತ್ತೆ ಅಷ್ಟೇ. ಒಂದೇ ಸಿಲಿಂಡರಿನ ಗಾಡಿಯ ನಡುಕಕ್ಕೆ ಬೋಲ್ಟ್ ಮುರಿಯೋದು ಅಪರೂಪ, ನಟ್ ಸಡಿಲ ಆಗೋದು ಮಾಮೂಲು. ಹಾಕಿಸಿ ಒಂದು ವಾರಕ್ಕೆ ಒಂದು ಸಲ, ಆಮೇಲೆ ತಿಂಗಳಿಗೊಂದು ಸಲ 13ರ ಸ್ಪ್ಯಾನರ್ ಹಾಕಿ ನೋಡಿ.

ಇನ್ನೊಂದು, ಬ್ಯಾಕ್‌ರೆಸ್ಟಿಗೆ ಲಗೇಜ್ ಕಟ್ಟಬೇಡಿ. ಅದು ಹಿಂದಿನ ಚಕ್ರದ ಆಚೆಗೆ ಹೋದಷ್ಟು ಮುಂದಿನ ಚಕ್ರ ಹಗುರ ಆಗತ್ತೆ, ಹ್ಯಾಂಡಲ್ ತೇಲಿದ ಹಾಗಾಗತ್ತೆ.

ಪೊಲೀಸರು ಹಿಡೀತಾರಾ?

ಎಲ್ಲರೂ ಕೇಳೋ ಪ್ರಶ್ನೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್.ಸಿ.ಯಲ್ಲಿರೋ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಸೆಕ್ಷನ್ನನ್ನ ಬಿಗಿಯಾಗೇ ಓದಬೇಕು ಅಂದಿದೆ. ಹಾಗಾಗಿ ಚಾಸಿಸ್ ಕುಯ್ಯೋದು, ಹಿಂಭಾಗ ಉದ್ದ ಮಾಡೋದು ಬೇಡವೇ ಬೇಡ. ಬೋಲ್ಟ್ ಹಾಕಿ ಬಿಚ್ಚೋ ಬ್ಯಾಕ್‌ರೆಸ್ಟಿಗೇ ತೃಪ್ತಿ ಪಡಿ, ಅದು ಹಿಂದಿನ ದೀಪ, ಇಂಡಿಕೇಟರ್, ನಂಬರ್ ಪ್ಲೇಟ್ ಮುಚ್ಚದೆ ಇರಲಿ.

ನಮಗೆ ಜಾಸ್ತಿ ಉಪಯೋಗಕ್ಕೆ ಬರೋದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ. ಹಿಂದೆ ಕೂರೋ ವ್ಯವಸ್ಥೆ ಇರೋ ಬೈಕಿಗೆ ಮೂರು ವಸ್ತು ಇರಲೇಬೇಕು: ಹಿಡ್ಕೊಳ್ಳೋಕೆ ಕಾಯಂ ಹಿಡಿ, ಫುಟ್‌ರೆಸ್ಟ್, ಮತ್ತೆ ಬಟ್ಟೆ ಚಕ್ರಕ್ಕೆ ಸಿಗದ ಹಾಗೆ ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗ ಮುಚ್ಚೋ ಗಾರ್ಡ್. ನಾವೆಲ್ಲ ಸಾರಿ ಗಾರ್ಡ್ ಅಂತೀವಲ್ಲ, ಅದೇ. ಬ್ಯಾಕ್‌ರೆಸ್ಟ್ ಕೂರಿಸೋಕೆ ಅಡ್ಡ ಬರತ್ತೆ ಅಂತ ಕೆಲವರು ಹಿಡಿ ಬಿಚ್ಚಿಬಿಡ್ತಾರೆ, ಲುಕ್ಕಿಗೆ ಅಂತ ಸಾರಿ ಗಾರ್ಡೂ ಬಿಚ್ಚಿಸ್ತಾರೆ. ಮೊದಲ ಸಲ ನನ್ನ ಗಾಡಿಯ ಹಿಡಿಯೂ ಹಾಗೇ ಹೋಗಿತ್ತು. ನಾನು ಗಮನಿಸಿರಲೇ ಇಲ್ಲ. ಬೆನ್ನಿಗೆ ಆಸರೆ ಕೊಡೋಕೆ ಹೋಗಿ ಅಮ್ಮನ ಕೈಗಿದ್ದ ಆಸರೆ ಕಿತ್ತಿದ್ದೆ.

ಹೆಲ್ಮೆಟ್ ಬಗ್ಗೆ ಹೇಳೋದೇ ಬೇಡ. ಕರ್ನಾಟಕದಲ್ಲಿ 2016ರ ಜನವರಿಯಿಂದಲೇ ಹಿಂದೆ ಕೂರೋರಿಗೂ ಕಡ್ಡಾಯ. ಬ್ಯಾಕ್‌ರೆಸ್ಟ್ ಇದೆ ಅಂತ ಅದಕ್ಕೆ ರಿಯಾಯ್ತಿ ಇಲ್ಲ.

ಈಗ ಹೇಗಿದೆ

ಎರಡನೇ ಸಲ ತಗೊಳ್ಳೋ ದಿನ ಶನಿವಾರ ಮಧ್ಯಾಹ್ನ ಅಮ್ಮನನ್ನೇ ಕರ್ಕೊಂಡು ಹೋದೆ. ಆ ಅಂಗಡಿಯ ಅಣ್ಣ ಮೂರು ಬ್ಯಾಕ್‌ರೆಸ್ಟ್ ಒಂದೊಂದಾಗಿ ಸೀಟಿನ ಹಿಂದೆ ಹಿಡಿದು, "ಕೂತು ನೋಡಿ ಅಮ್ಮಾ" ಅಂದರು. ಅಮ್ಮ ಮೊದಲು ನಾಚಿಕೊಂಡಳು, ಆಮೇಲೆ ತರಕಾರಿ ಆರಿಸೋ ಹಾಗೆ ಆರಿಸಿದಳು. ಗಿಡ್ಡದು, ಅಗಲದ್ದು, ಕಪ್ಪು ಬಣ್ಣದ್ದು ಒಪ್ಪಿದಳು. ನನಗೆ ಇಷ್ಟ ಆಗಿದ್ದು ಬೇರೆ ಇತ್ತು, ಸುಮ್ಮನಿದ್ದೆ. ಹಳೇ ಹಿಡಿಯನ್ನ ಮತ್ತೆ ಹಾಕಿಸಿದೆವು. ಎಡಗಡೆ ಎರಡೂ ಪಾದ ಊರೋ ಹಾಗೆ ಅಗಲದ ಲೇಡೀಸ್ ಫುಟ್‌ರೆಸ್ಟ್ ಬೇಕು ಅಂತ ಅವಳೇ ಕೇಳಿದಳು. ಇಷ್ಟು ದಿನ ಕಾಲು ನೇತಾಡ್ತಿದ್ದುದಕ್ಕೇ ಸೊಂಟಕ್ಕೆ ಎಳೆತ ಅಂತೆ.

ಗಾಡಿ ಹತ್ತುವಾಗ ಆ ಅಣ್ಣ ನನ್ನನ್ನ ತಡೆದರು. "ಏನಪ್ಪಾ, ದಿನಾ ಈ ಬ್ಯಾಗ್ ಹಿಂದೆ ಹಾಕ್ಕೊಂಡೇ ಓಡಿಸ್ತೀಯಾ?"

ಲ್ಯಾಪ್‌ಟಾಪ್, ಎರಡು ಪುಸ್ತಕ, ಟಿಫಿನ್ ಡಬ್ಬಿ ತುಂಬಿದ ಬ್ಯಾಗು. ಅಳತೆ ತೆಗೆದರೆ ಒಂದು ಗೇಣು ದಪ್ಪ. ಮೊದಲೇ ಚಿಕ್ಕ ಸೀಟು, ಅದರಲ್ಲಿ ಒಂದು ಗೇಣು ನನ್ನ ಬ್ಯಾಗೇ ತಿಂದು ಅಮ್ಮನನ್ನ ಮಡ್ಗಾರ್ಡ್ ಕಡೆಗೆ ನೂಕಿತ್ತು. ಆವತ್ತು ಸಿಗ್ನಲ್ಲಲ್ಲಿ ಅವಳನ್ನ ಕಾಪಾಡಿದ್ದು ಆ ಬ್ಯಾಗು ಅಂತ ನಾನು ಅಂದ್ಕೊಂಡಿದ್ದೆ. ಅವಳನ್ನ ಅಂಚಿಗೆ ತಳ್ಳಿದ್ದೂ ಅದೇ. ಇದನ್ನ ಸರಿ ಮಾಡೋಕೆ ಒಂದು ರೂಪಾಯಿಯೂ ಬೇಕಾಗಿರಲಿಲ್ಲ.

ಈಗ ಬ್ಯಾಗು ನನ್ನ ಎದೆ ಮೇಲೆ, ಕೂಸನ್ನ ಎತ್ತಿಕೊಂಡ ಹಾಗೆ. ಸಿಗ್ನಲ್ಲಲ್ಲಿ ನಿಂತಾಗ ಜೂನಿಯರ್‌ಗಳು ನೋಡಿ ನಗ್ತಾರೆ. ನಗಲಿ. ಅಮ್ಮನ ಸೊಂಟ ನೋವು ಹೋಗಿಲ್ಲ, ಬ್ಯಾಕ್‌ರೆಸ್ಟಿಂದ ಹೋಗೋದೂ ಇಲ್ಲ. ನೋವು ಜಾಸ್ತಿ ಇರೋ ದಿನ ನಾನೇ ಆಟೋ ಹಿಡಿದು ಕೂರಿಸ್ತೀನಿ, ಅದರಲ್ಲಿ ಚೌಕಾಸಿ ಇಲ್ಲ. ಮಿಕ್ಕ ದಿನ ಆಶ್ರಮದ ಸಿಗ್ನಲ್ ಹಸಿರಾದಾಗ ಕ್ಲಚ್ ನಿಧಾನಕ್ಕೆ ಬಿಡ್ತೀನಿ, ಹಿಂದಿನ ಬಸ್ಸು ಎಷ್ಟು ಬೇಕಾದ್ರೂ ಹಾರ್ನ್ ಹೊಡೀಲಿ.

ನಿಮ್ಮ ಗಾಡಿಗೂ ಹಾಕಿಸೋ ಯೋಚನೆ ಇದ್ರೆ, ಮೊದಲು ಹಿಂದಿನ ಸೀಟಲ್ಲಿ ನೀವೇ ಕೂತು ಬುಲ್ ಟೆಂಪಲ್ ರಸ್ತೆಯಲ್ಲಿ ಒಂದು ರೌಂಡ್ ಹೋಗಿ ಬನ್ನಿ, ಫ್ರೆಂಡ್ ಓಡಿಸಲಿ. ಆಮೇಲೆ ಕೂರೋರನ್ನ ಕೇಳಿ. ಬೋಲ್ಟ್ ಟೈಟ್ ಮಾಡೋಕೆ 13ರ ಸ್ಪ್ಯಾನರ್ ಬೇಕಾದ್ರೆ ಕನ್ನಡ ಸಂಘದ ರೂಮಿಗೆ ಬನ್ನಿ. ಈ ಬ್ಯಾಗಲ್ಲಿ ಅದೂ ಇದೆ.